ಸಾಫ್ಟ್ ಬಾಡಿ ಸಿಮ್ಯುಲೇಶನ್: ಅನಿಮೇಷನ್ ಪಾತ್ರಗಳ ಮೈ ಕುಲುಕುವುದು ಹೇಗೆ?

ಅನಿಮೇಷನ್ ಪಾತ್ರವೊಂದು ಎತ್ತರದಿಂದ ನೆಲಕ್ಕೆ ಜಿಗಿಯುತ್ತದೆ. ಆದರೆ ತೊಡೆ ಅದುರುವುದಿಲ್ಲ, ಹೊಟ್ಟೆ ಕುಲುಕುವುದಿಲ್ಲ, ಕೆನ್ನೆ ಅಲುಗುವುದಿಲ್ಲ. ಎಲ್ಲಿ ತಪ್ಪಾಗಿದೆ ಎಂದು ಪ್ರೇಕ್ಷಕರಿಗೆ ಹೇಳಲು ಬಾರದಿರಬಹುದು, ಆದರೆ 'ಬೊಂಬೆ ಥರ ಇದೆ' ಎಂದು ಮಾತ್ರ ಹೇಳಿಯೇ ಹೇಳುತ್ತಾರೆ. 2014ರಲ್ಲಿ ಬಂದ ರಜನಿಕಾಂತ್ ಅವರ 'ಕೊಚ್ಚಡಯಾನ್' ಕೂಡ ಇದೇ ಮಾತು ಕೇಳಬೇಕಾಯಿತು. ನಟರ ಚಲನೆಯನ್ನು ಸೆರೆಹಿಡಿದು ಡಿಜಿಟಲ್ ಮೈಗೆ ಅಳವಡಿಸಿದ ಮಾತ್ರಕ್ಕೆ ಆ ಮೈಗೆ ಮಾಂಸದ ತೂಕ ಬಂದುಬಿಡುವುದಿಲ್ಲ. ಆ ತೂಕವನ್ನು ತರುವ ತಂತ್ರವೇ ಸಾಫ್ಟ್ ಬಾಡಿ ಸಿಮ್ಯುಲೇಶನ್.

ಮೂಳೆ ಇದ್ದರೆ ಸಾಲದು

ಡಿಜಿಟಲ್ ಪಾತ್ರದ ಒಳಗೆ ಮೂಳೆಗಳ ಒಂದು ಹಂದರ ಇರುತ್ತದೆ. ಚರ್ಮದ ಪ್ರತಿಯೊಂದು ಬಿಂದುವೂ ಯಾವ ಮೂಳೆಯನ್ನು ಎಷ್ಟು ಪಾಲು ಅನುಸರಿಸಬೇಕು ಎಂಬುದನ್ನು ಕಲಾವಿದರು ಮೊದಲೇ ನಿಗದಿ ಮಾಡುತ್ತಾರೆ. ಇದು ವೇಗದ ವಿಧಾನ, ಆದರೆ ಒರಟು. ಮುಂಗೈಯನ್ನು ಪೂರ್ತಿ ತಿರುಗಿಸಿದರೆ ಮಣಿಕಟ್ಟಿನ ಬಳಿ ಚರ್ಮ ಪೆಪ್ಪರ್‌ಮೆಂಟಿನ ಕಾಗದ ಹಿಂಡಿದಂತೆ ಕಿರಿದಾಗುತ್ತದೆ. ಮೂಳೆ ನಿಂತ ಕ್ಷಣದಲ್ಲೇ ಚರ್ಮವೂ ನಿಲ್ಲುತ್ತದೆ ಎಂಬುದು ಇನ್ನೂ ದೊಡ್ಡ ತೊಡಕು. ನಿಜವಾದ ದೇಹದಲ್ಲಿ ಮಾಂಸ ಸ್ವಲ್ಪ ತಡವಾಗಿ ಹೊರಟು, ತಡವಾಗಿ ನಿಂತು, ನಡುವೆ ಒಂದೆರಡು ಬಾರಿ ತೂಗಾಡುತ್ತದೆ.

ಲೆಕ್ಕಾಚಾರದ ದಾರಿಗಳು

ಬಾಗುವ, ಹಿಗ್ಗುವ ವಸ್ತುಗಳ ಭೌತಶಾಸ್ತ್ರವನ್ನು ಕಂಪ್ಯೂಟರ್ ಗ್ರಾಫಿಕ್ಸ್‌ಗೆ ತಂದ ಹೆಸರುವಾಸಿ ಪ್ರಬಂಧ 1987ರದ್ದು. ಡಿಮಿಟ್ರಿ ಟೆರ್ಜೊಪೌಲೋಸ್ ಮತ್ತು ಸಂಗಡಿಗರು ಅದನ್ನು ಬರೆದರು. ಬಿಂದುಗಳಿಗೆ ತೂಕ ಕೊಟ್ಟು ನಡುವೆ ಸ್ಪ್ರಿಂಗ್ ಕಟ್ಟುವುದು ಎಲ್ಲಕ್ಕಿಂತ ಸರಳ ದಾರಿ. ಆದರೆ ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉಬ್ಬುವ ಮಾಂಸದ ಗುಣ ಸ್ಪ್ರಿಂಗ್‌ಗೆ ತಾನಾಗಿ ಬರುವುದಿಲ್ಲ. ಮೈಯ ಬಹುಪಾಲು ನೀರು, ಒತ್ತಿದರೂ ಅದರ ಗಾತ್ರ ಕುಗ್ಗದು. ಹಾಗಾಗಿ ದೊಡ್ಡ ಸ್ಟುಡಿಯೋಗಳು ಫೈನೈಟ್ ಎಲಿಮೆಂಟ್ ವಿಧಾನಕ್ಕೆ ಹೋಗುತ್ತವೆ. ದೇಹದ ಒಳಭಾಗವನ್ನು ಸಾವಿರಾರು ಪುಟ್ಟ ಪಿರಮಿಡ್‌ಗಳಾಗಿ ಒಡೆದು, ಒಂದೊಂದೂ ಎಷ್ಟು ಹಿಗ್ಗಿತು, ಎಷ್ಟು ಕುಗ್ಗಿತು ಎಂದು ಲೆಕ್ಕ ಹಾಕಲಾಗುತ್ತದೆ. ಫಲಿತಾಂಶ ಸೊಗಸು, ಆದರೆ ಕಂಪ್ಯೂಟರ್ ಸಮಯವನ್ನು ನುಂಗುತ್ತದೆ.

ಆಟಗಳಿಗೆ ಅಷ್ಟು ಸಮಯವಿಲ್ಲ. ಮಥಿಯಾಸ್ ಮ್ಯುಲ್ಲರ್ ಮತ್ತು ಸಂಗಡಿಗರು 2006ರಲ್ಲಿ ಮಂಡಿಸಿದ ವಿಧಾನ ಬಲಗಳ ಲೆಕ್ಕವನ್ನು ಬದಿಗಿಟ್ಟು ಬಿಂದುಗಳ ಜಾಗವನ್ನೇ ನೇರವಾಗಿ ಸರಿಪಡಿಸುತ್ತದೆ. ಲೆಕ್ಕವನ್ನು ಎಷ್ಟು ಸುತ್ತು ಓಡಿಸಿದರು ಎಂಬುದರ ಮೇಲೆ ಮಾಂಸದ ಬಿಗಿ ಬದಲಾಗುತ್ತಿದ್ದುದು ಅದರ ದೋಷ. 2016ರ ಸುಧಾರಿತ ರೂಪ ಅದನ್ನು ಸರಿಪಡಿಸಿತು. 2018ರಲ್ಲಿ ಹೌಡಿನಿ ಸಾಫ್ಟ್‌ವೇರ್‌ಗೆ ಸೇರಿದ 'ವೆಲ್ಲಂ' ಇದೇ ತಳಹದಿಯದ್ದು.

ಸಲಕರಣೆ ಯಾರ ಕೈಯಲ್ಲಿ?

'ಅವತಾರ್' ಚಿತ್ರಕ್ಕೆ ಕೆಲಸ ಮಾಡಿದ ನ್ಯೂಜಿಲೆಂಡ್‌ನ ವೆಟಾ ಸಂಸ್ಥೆ ಮೂಳೆ, ಸ್ನಾಯು, ಕೊಬ್ಬು, ಚರ್ಮವನ್ನು ಪದರ ಪದರವಾಗಿ ಕಟ್ಟುವ 'ಟಿಶ್ಯೂ' ವ್ಯವಸ್ಥೆಯನ್ನು ರೂಪಿಸಿತು. ಅದರ ಹಿಂದಿದ್ದವರಿಗೆ 2013ರಲ್ಲಿ ಆಸ್ಕರ್ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿ ಸಂದಿತು. ಅವರಲ್ಲೊಬ್ಬರಾದ ಜೇಮ್ಸ್ ಜೇಕಬ್ಸ್ ಮುಂದೆ ಪ್ರಾಧ್ಯಾಪಕ ಯೆರ್ನೆಯ್ ಬಾರ್ಬಿಚ್ ಜೊತೆಗೂಡಿ ಜಿವಾ ಡೈನಾಮಿಕ್ಸ್ ಕಟ್ಟಿದರು. ಆ ಮೂಲಕ ಇಂಥ ತಂತ್ರ ಹೊರಗಿನ ಕಲಾವಿದರ ಕೈಗೂ ಸಿಕ್ಕಿತು. 2022ರಲ್ಲಿ ಯೂನಿಟಿ ಕಂಪನಿ ಜಿವಾವನ್ನು ಕೊಂಡಿತು, 2024ರಲ್ಲಿ ಮಾರಾಟವನ್ನೇ ನಿಲ್ಲಿಸಿತು. ತಂತ್ರಜ್ಞಾನದ ಪರವಾನಗಿ ಡಿನೆಗ್ ಸಂಸ್ಥೆಗೆ ಹೋಯಿತು. ಮುಂಬೈ, ಚೆನ್ನೈ, ಬೆಂಗಳೂರಿನಲ್ಲಿ ಡಿನೆಗ್‌ಗೆ ಸ್ಟುಡಿಯೋಗಳಿವೆ ನಿಜ. ಆದರೆ ಜಿವಾವನ್ನೇ ನಂಬಿ ವರ್ಷಗಟ್ಟಲೆ ಪಳಗಿದ ಹೊರಗಿನವರು ಬೇರೆ ದಾರಿ ಹುಡುಕಬೇಕಾಯಿತು. ಒಂದೇ ಸಾಫ್ಟ್‌ವೇರಿನ ಗುಂಡಿಗಳನ್ನಷ್ಟೇ ಕಲಿಸುವ ಕೋರ್ಸ್‌ಗಳಿಗೆ ದುಡ್ಡು ಸುರಿಯುವ ವಿದ್ಯಾರ್ಥಿಗಳು ಇದನ್ನು ಗಮನಿಸುವುದು ಒಳ್ಳೆಯದು.

ಉಚಿತವಾಗಿ ಸಿಗುವ ಬ್ಲೆಂಡರ್‌ನಲ್ಲೂ ಸಾಫ್ಟ್ ಬಾಡಿ ಸೌಲಭ್ಯವಿದೆ. ಸ್ಟುಡಿಯೋ ಮಟ್ಟದ ಸ್ನಾಯು ವ್ಯವಸ್ಥೆಗೆ ಅದು ಸಾಟಿಯಲ್ಲ, ಆದರೆ ಕಲಿಯಲು ಧಾರಾಳ ಸಾಕು. ಅದರಲ್ಲಿ 'ಗೋಲ್' ಎಂಬ ಅಂಕಿ ಮುಖ್ಯ. 1 ಇಟ್ಟರೆ ಬಿಂದು ಮೂಳೆಯ ಚಲನೆಗೆ ಅಂಟಿಕೊಳ್ಳುತ್ತದೆ, ಕಡಿಮೆ ಮಾಡಿದಷ್ಟೂ ಸಡಿಲವಾಗುತ್ತದೆ. ಮೊಣಕೈ, ಮಂಡಿಚಿಪ್ಪು, ಹಣೆಗೆ ಹೆಚ್ಚು. ಹೊಟ್ಟೆ, ತೊಡೆ, ತೋಳಿನ ಕೆಳಭಾಗಕ್ಕೆ ಕಡಿಮೆ. ಹೊಸಬರು ಸಾಮಾನ್ಯವಾಗಿ ಎಡವುವುದು ಅತಿಯಾಗಿ ಸಡಿಲ ಬಿಟ್ಟು. ಆಗ ಮನುಷ್ಯನ ಬದಲು ಜೆಲ್ಲಿ ಕಾಣುತ್ತದೆ. ಸ್ತ್ರೀ ಪಾತ್ರಗಳಲ್ಲಿ ಹಲವು ಆಟಗಳು ಬೇಕೆಂದೇ ಮಾಡುವ ಅತಿರೇಕವೂ ಈ ಬಗೆಯದ್ದೇ, ಅದು ವಾಸ್ತವವೇನಲ್ಲ.

ಪಾತ್ರದ ಅಳತೆಯನ್ನೂ ನೋಡಿಕೊಳ್ಳಬೇಕು. ಸೆಂಟಿಮೀಟರ್ ಲೆಕ್ಕದ ಮಾದರಿಯನ್ನು ಮೀಟರ್ ಎಂದು ಓದಿದರೆ ಆರಡಿಯ ಮನುಷ್ಯ ಆರುನೂರು ಅಡಿಯವನಾಗುತ್ತಾನೆ, ಮೈಯ ಕುಲುಕಾಟ ನಿಧಾನಗತಿಯ ಚಿತ್ರದಂತೆ ಕಾಣುತ್ತದೆ.

ಲೆಕ್ಕ ಹಾಕುವ ಬದಲು ನಿಜವಾದ ಮೈಯಿಂದಲೇ ಕಲಿಯುವ ದಾರಿಯೂ ಇದೆ. ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಸಂಶೋಧಕರು 2015ರಲ್ಲಿ ಪ್ರಕಟಿಸಿದ 'ಡೈನಾ' ಮಾದರಿ, ಓಡುವ ಕುಣಿಯುವ ಜನರ 40,000ಕ್ಕೂ ಹೆಚ್ಚು ಮೂರು ಆಯಾಮದ ಸ್ಕ್ಯಾನ್‌ಗಳಿಂದ ಮಾಂಸದ ಅಲುಗಾಟವನ್ನು ಕಲಿತಿತು. ಸ್ಕ್ಯಾನ್‌ಗೆ ಮೈಯೊಡ್ಡಿದವರು ಮಾತ್ರ ಹತ್ತೇ ಜನ.