ಪ್ರಿಂಟರಿನ ಖಾಯಂ ವಿಳಾಸ

ಎಷ್ಟೋ ಕಚೇರಿಗಳಲ್ಲಿ ಪ್ರಿಂಟರಿನ ಮೇಲೆ ಒಂದು ಚೀಟಿ ಅಂಟಿಸಿರುತ್ತಾರೆ. ಅದರಲ್ಲಿ 10.20.4.50 ಎನ್ನುವಂಥ ಒಂದು ಸಂಖ್ಯೆ ಇರುತ್ತದೆ. ಅದು ಆ ಪ್ರಿಂಟರಿನ ಐಪಿ ವಿಳಾಸ. ಅದೇ ಮಹಡಿಯ ಲ್ಯಾಪ್‌ಟಾಪುಗಳಿಗೂ ಇಂಥದೇ ವಿಳಾಸಗಳಿವೆ, ಆದರೆ ಅವನ್ನು ಯಾರೂ ಬರೆದಿಡುವುದಿಲ್ಲ. ನಾನು ನೋಡಿಕೊಳ್ಳುವ ತಂಡಗಳು ಹೊಸ ಕಟ್ಟಡಕ್ಕೆ ಹೋದಾಗಲೆಲ್ಲ ಮೊದಲ ದಿನವೇ ಬರುವ ಪ್ರಶ್ನೆ, "ಸರ್, ಪ್ರಿಂಟರ್ ಐಪಿ ಎಷ್ಟು?" ಲ್ಯಾಪ್‌ಟಾಪಿಗಿಲ್ಲದ ಈ ಮರ್ಯಾದೆ ಪ್ರಿಂಟರಿಗೆ ಯಾಕೆ ಬಂತು ಎಂದು ಹುಡುಕಿಕೊಂಡು ಹೋದರೆ ಇಂಟರ್‌ನೆಟ್ಟಿನ ಬಾಲ್ಯಕ್ಕೇ ತಲುಪುತ್ತೇವೆ.

ಆಗ ವಿಳಾಸ ಹಂಚುವುದು ಮನುಷ್ಯರ ಕೆಲಸವಾಗಿತ್ತು. ಅಮೆರಿಕದ ಅರ್ಪಾನೆಟ್ ಜಾಲದಲ್ಲಿ ಯಾವ ಸಂಖ್ಯೆ ಯಾರದು ಎಂಬ ಲೆಕ್ಕವನ್ನು ಜಾನ್ ಪೋಸ್ಟೆಲ್ ಎಂಬ ವಿಜ್ಞಾನಿ ಇಡುತ್ತಿದ್ದರು. ಯಂತ್ರಗಳ ಹೆಸರು ಮತ್ತು ವಿಳಾಸಗಳ ಪಟ್ಟಿಯನ್ನು ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫೋರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟಿನಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ನೋಡಿಕೊಳ್ಳುತ್ತಿತ್ತು. 1981ರಲ್ಲಿ ಈಗಿನ ಐಪಿ ವಿಳಾಸದ ರೂಪ ನಿಗದಿಯಾಯಿತು. 32 ಬಿಟ್, ಅಂದರೆ ಸುಮಾರು 429 ಕೋಟಿ ವಿಳಾಸಗಳು. ಅಷ್ಟು ಖರ್ಚಾಗುವ ಕಾಲ ಬಂದೀತೆಂದು ಆಗ ಯಾರೂ ಹೆದರಿದಂತಿಲ್ಲ. ಎಂಐಟಿ ಒಂದಕ್ಕೇ 18ರಿಂದ ಶುರುವಾಗುವ ಒಂದು ಕೋಟಿ 67 ಲಕ್ಷ ವಿಳಾಸಗಳು ಸಿಕ್ಕಿದ್ದವು.

ಯಂತ್ರಗಳು ಹೆಚ್ಚಿದಂತೆ ಪ್ರತಿಯೊಂದರ ಎದುರು ಕೂತು ಸಂಖ್ಯೆ ಟೈಪಿಸುವುದು ಕಷ್ಟವಾಯಿತು. ಡಿಸ್ಕ್ ಇಲ್ಲದ ಯಂತ್ರಗಳ ಪಾಡಂತೂ ಇನ್ನೂ ಬಿಗಡಾಯಿಸಿತ್ತು. ಸ್ವಿಚ್ ಆರಿಸಿದರೆ ತಮ್ಮ ವಿಳಾಸವೇ ಅವಕ್ಕೆ ಮರೆತುಹೋಗುತ್ತಿತ್ತು. 1984ರಲ್ಲಿ ಸ್ಟ್ಯಾನ್‌ಫೋರ್ಡಿನ ನಾಲ್ವರು ಒಂದು ಉಪಾಯ ಹೂಡಿದರು. ಈಥರ್‌ನೆಟ್ ಕಾರ್ಡಿನ ಮೇಲೆ ಕಾರ್ಖಾನೆಯಲ್ಲೇ ಅಚ್ಚಾಗುವ 48 ಬಿಟ್‌ನ ಸಂಖ್ಯೆಯೊಂದಿರುತ್ತದೆ. ಎಚ್ಚರವಾದ ಯಂತ್ರ "ನನ್ನ ಹುಟ್ಟುಗುರುತು ಇದು, ನನ್ನ ವಿಳಾಸ ಯಾವುದು?" ಎಂದು ಜಾಲದಲ್ಲಿ ಕೂಗಬೇಕು, ಸರ್ವರ್ ತನ್ನ ಪಟ್ಟಿ ನೋಡಿ ಉತ್ತರಿಸಬೇಕು. ಇದೇ ರಾರ್ಪ್. ಆದರೆ ಈ ಕೂಗು ರೌಟರ್ ದಾಟುತ್ತಿರಲಿಲ್ಲ. ಮರುವರ್ಷ ಬಿಲ್ ಕ್ರಾಫ್ಟ್ ಮತ್ತು ಜಾನ್ ಗಿಲ್ಮೋರ್ ರೂಪಿಸಿದ ಬೂಟ್‌ಪಿ ಆ ತೊಡಕನ್ನು ಬಿಡಿಸಿತು. ಪಟ್ಟಿಯನ್ನು ಮಾತ್ರ ಯಾರೋ ಒಬ್ಬರು ಕೈಯಾರೆ ಬರೆಯಲೇಬೇಕಿತ್ತು.

ಪ್ರಿಂಟರು ಈ ಕಥೆಯೊಳಗೆ ಬರುವುದು ಇಲ್ಲಿ. ಅಲ್ಲಿಯವರೆಗೆ ಅದು ಸಾಮಾನ್ಯವಾಗಿ ಯಾವುದೋ ಕಂಪ್ಯೂಟರಿನ ಬೆನ್ನಿಗೆ ಕೇಬಲ್ಲಿನಿಂದ ಕಟ್ಟಿಕೊಂಡಿರುತ್ತಿತ್ತು. 1991ರಲ್ಲಿ ಎಚ್‌ಪಿ ಕಂಪನಿ ಜೆಟ್‌ಡೈರೆಕ್ಟ್ ಎಂಬ ಕಾರ್ಡನ್ನು ತಂದಿತು. ಅದನ್ನು ಸಿಕ್ಕಿಸಿದರೆ ಪ್ರಿಂಟರೇ ನೇರವಾಗಿ ಜಾಲದ ಸದಸ್ಯ. ಕೀಬೋರ್ಡಿಲ್ಲದ, ಒಂದೆರಡು ಸಾಲಿನ ಪರದೆಯ ಯಂತ್ರಕ್ಕೆ ವಿಳಾಸ ಕೊಡುವುದು ಹೇಗೆ? ಮುಂದಿನ ಗುಂಡಿಗಳನ್ನು ಒಂದೊಂದಾಗಿ ಒತ್ತಬೇಕು, ಇಲ್ಲವೇ ಬೂಟ್‌ಪಿ ಪಟ್ಟಿಗೆ ಸೇರಿಸಬೇಕು. ಎಲ್ಲಿಂದಲೂ ಉತ್ತರ ಸಿಗದಿದ್ದರೆ ಹಳೆಯ ಜೆಟ್‌ಡೈರೆಕ್ಟ್ ಕಾರ್ಡು ತನ್ನನ್ನು 192.0.0.192 ಎಂದು ಕರೆದುಕೊಳ್ಳುತ್ತಿತ್ತು. ಪರೀಕ್ಷಾ ಹಾಳೆಯಲ್ಲಿ ಆ ಸಂಖ್ಯೆ ಕಂಡರೆ, ಈ ಪ್ರಿಂಟರಿಗೆ ಇನ್ನೂ ಯಾರೂ ಮನೆ ಕೊಟ್ಟಿಲ್ಲ ಎಂದೇ ಅರ್ಥ.

ಪಟ್ಟಿ ಬರೆಯುವ ಹೊರೆ ಇಳಿದದ್ದು 1993ರಲ್ಲಿ. ಪೆನ್ಸಿಲ್ವೇನಿಯಾದ ಬಕ್ನೆಲ್ ವಿಶ್ವವಿದ್ಯಾಲಯದ ರಾಲ್ಫ್ ಡ್ರಾಮ್ಸ್ ಬರೆದ ಡಿಎಚ್‌ಸಿಪಿ ನಿಯಮಾವಳಿ ಆ ವರ್ಷ ಪ್ರಕಟವಾಯಿತು. ಅದರ ಹೊಸತನವೆಂದರೆ ಬಾಡಿಗೆ. ವಿಳಾಸ ನಿಮ್ಮದಲ್ಲ, ಇಷ್ಟು ಹೊತ್ತಿಗೆಂದು ಕೊಟ್ಟದ್ದು. ಅರ್ಧ ಅವಧಿ ಕಳೆಯುತ್ತಲೇ ಯಂತ್ರ ನವೀಕರಣ ಕೇಳುತ್ತದೆ, ಕೇಳದೆ ಹೊರಟುಹೋದರೆ ಆ ಸಂಖ್ಯೆ ಇನ್ನೊಬ್ಬರಿಗೆ ಹೋಗುತ್ತದೆ. ಮುಂಬಯಿ, ಪುಣೆಗಳಲ್ಲಿ ಹನ್ನೊಂದು ತಿಂಗಳ ಕರಾರಿಗೆ ಸಹಿ ಹಾಕುತ್ತ ಬಂದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಲ್ಯಾಪ್‌ಟಾಪಿಗೆ ಬಾಡಿಗೆ ಸಾಕು, ಯಾಕೆಂದರೆ ಅದು ಇತರರನ್ನು ಹುಡುಕಿಕೊಂಡು ಹೋಗುವ ಯಂತ್ರ. ಪ್ರಿಂಟರಿನದು ತದ್ವಿರುದ್ಧ, ಅದನ್ನೇ ಎಲ್ಲರೂ ಹುಡುಕಿಕೊಂಡು ಬರಬೇಕು. ನಮ್ಮ ಕಂಪ್ಯೂಟರುಗಳು ಅದರ ಸಂಖ್ಯೆಯನ್ನು ಒಮ್ಮೆ ಬರೆದಿಟ್ಟುಕೊಂಡರೆ ಪ್ರತಿಸಲ ಅಲ್ಲಿಗೇ ಕಾಗದ ಕಳಿಸುತ್ತವೆ. ರಜೆಯಲ್ಲಿ ಆರಿಸಿಟ್ಟ ಪ್ರಿಂಟರು ಸೋಮವಾರ ಬೇರೆ ಸಂಖ್ಯೆಯೊಂದಿಗೆ ಎದ್ದರೆ ಮುದ್ರಣ ಎಲ್ಲಿಗೂ ತಲುಪುವುದಿಲ್ಲ. ಆ ಹಳೆಯ ಸಂಖ್ಯೆ ಬೇರೆ ಮಹಡಿಯ ಪ್ರಿಂಟರಿಗೆ ಸಿಕ್ಕಿದ್ದರೆ ಇನ್ನೂ ಕೆಟ್ಟದು. ಒಬ್ಬರ ಸಂಬಳದ ಚೀಟಿ ಅಥವಾ ವೈದ್ಯಕೀಯ ವರದಿ ಸಂಬಂಧವಿಲ್ಲದವರ ಎದುರು ಹೊರಬರುತ್ತದೆ. ಡಿಎಚ್‌ಸಿಪಿಯ ನಿಯಮಾವಳಿ ಇದಕ್ಕೂ ಜಾಗ ಬಿಟ್ಟಿತ್ತು. ವಿಳಾಸವನ್ನು ಮನುಷ್ಯ ನಿರ್ಧರಿಸಿ, ತಲುಪಿಸುವ ಕೆಲಸವನ್ನಷ್ಟೇ ಸರ್ವರಿಗೆ ಒಪ್ಪಿಸುವ ವಿಧಾನ ಅದರಲ್ಲಿದೆ. ಇಂದು ನಾವು ರಿಸರ್ವೇಶನ್ ಎನ್ನುವುದು ಇದನ್ನೇ. ಕರಾರು ಬಾಡಿಗೆಯದೇ, ಆದರೆ ಪ್ರತಿಸಲವೂ ಅದೇ ಮನೆ.

ಸಂಖ್ಯೆಯ ಗೊಡವೆಯೇ ಬೇಡವೆಂದವರೂ ಇದ್ದರು. 1985ರ ಆ್ಯಪಲ್ ಲೇಸರ್‌ರೈಟರ್ ತಾನೇ ಒಂದು ಸಂಖ್ಯೆ ಆರಿಸಿ, "ಇದು ಯಾರದಾದರೂ ಇದೆಯೇ?" ಎಂದು ಕೇಳಿ ನೆಲೆಯೂರುತ್ತಿತ್ತು. ಬಳಸುವವರಿಗೆ ಕಾಣುತ್ತಿದ್ದದ್ದು ಹೆಸರು ಮಾತ್ರ. ಐಪಿ ಜಾಲಕ್ಕೂ ಆ ಸುಖ ಬೇಕೆಂದು ಸ್ಟುವರ್ಟ್ ಚೆಶೈರ್ ಹಟ ಹಿಡಿದರು. 2002ರಲ್ಲಿ ಬಂದ, ಈಗ ಬೋಂಜೂರ್ ಎನ್ನುವ ವ್ಯವಸ್ಥೆ ಅದರ ಫಲ. ಮನೆಯಲ್ಲಿ ಫೋನಿನಿಂದ ನೇರ ಮುದ್ರಿಸುವಾಗ ಇಂಥದೇ ತಂತ್ರ ಕೆಲಸ ಮಾಡುತ್ತಿರುತ್ತದೆ. ಆದರೆ ಈ ಹೆಸರು ಕೂಗುವ ಪದ್ಧತಿಯೂ ಸಾಮಾನ್ಯವಾಗಿ ರೌಟರ್ ದಾಟುವುದಿಲ್ಲ. ಹಲವು ಮಹಡಿಗಳ ಕಚೇರಿಯಲ್ಲಿ ಚೀಟಿ ಉಳಿದಿರುವುದಕ್ಕೆ ಅದೂ ಒಂದು ಕಾರಣ.

ಆ ಚೀಟಿಯ 10 ಎಂಬ ಮೊದಲ ಅಂಕಿಗೂ ಒಂದು ಪೂರ್ವಾಶ್ರಮವಿದೆ. ಅದು ಅರ್ಪಾನೆಟ್ಟಿನದೇ ಜಾಲಸಂಖ್ಯೆ. 1990ರಲ್ಲಿ ಅರ್ಪಾನೆಟ್ ಮುಚ್ಚಿತು, ಮನೆ ಖಾಲಿಯಾಯಿತು. ವಿಳಾಸಗಳು ಮುಗಿಯುವ ಭಯ ಹುಟ್ಟಿದಾಗ, ಯಾರು ಬೇಕಾದರೂ ತಮ್ಮ ಆವರಣದೊಳಗೆ ಬಳಸಿಕೊಳ್ಳಲೆಂದು ಬಿಟ್ಟುಕೊಟ್ಟ ಸಂಖ್ಯೆಗಳಲ್ಲಿ ಅದೂ ಸೇರಿತು. 1996ರ ಫೆಬ್ರವರಿಯ ದಾಖಲೆ ಈ ಖಾಸಗಿ ವಿಳಾಸಗಳನ್ನು ಖಚಿತಪಡಿಸಿತು. ವಿಎಸ್‌ಎನ್‌ಎಲ್ ಭಾರತದ ಜನಸಾಮಾನ್ಯರಿಗೆ ಇಂಟರ್‌ನೆಟ್ ತೆರೆದು ಆಗಿನ್ನೂ ಆರು ತಿಂಗಳು. ಕೋಟಿಗಟ್ಟಲೆ ವಿಳಾಸ ಹಂಚುತ್ತಿದ್ದ ಕಾಲಕ್ಕೆ ನಾವು ತಡವಾಗಿ ಬಂದೆವು. 2011ರ ಏಪ್ರಿಲಿನಲ್ಲಿ ಏಷ್ಯಾ ಪೆಸಿಫಿಕ್ ವಲಯದ ದಾಸ್ತಾನು ಕೊನೆಯ ಕಂತಿಗೆ ಇಳಿಯಿತು. ನಮ್ಮ ಪ್ರಿಂಟರುಗಳು ಮಾತ್ರ ಇಂಟರ್‌ನೆಟ್ಟಿನ ಮೊದಲ ಮನೆಯ ನಂಬರನ್ನು ಎದೆಗೆ ಅಂಟಿಸಿಕೊಂಡು ಕಾಗದ ಉಗುಳುತ್ತಿವೆ.