ಮನೆ ಉಳಿಸುವ ಬಿನ್ನಹ

ಸಾಲ ಕೇಳುವಾಗ ಮನುಷ್ಯನಿಗೆ ಇರುವ ಧೈರ್ಯ, ತೆಗೆದ ಸಾಲಕ್ಕೆ ವಾಯಿದೆ ಕೇಳುವಾಗ ಇರುವುದಿಲ್ಲ. ಮುಂಬಯಿಯ ಒಂದು ಸಹಕಾರಿ ಬ್ಯಾಂಕಿನ ಸಾಲದ ಮೇಜಿನಲ್ಲಿ ವರ್ಷಗಟ್ಟಲೆ ಕುಳಿತವನಾದ್ದರಿಂದ ಈ ಮಾತನ್ನು ಬರೆಯುತ್ತಿದ್ದೇನೆ. ೧೯೮೨ರ ಗಿರಣಿ ಮುಷ್ಕರದ ಮರುವರ್ಷ ವಿಜಾಪುರದ ಕಡೆಯ ಹಿರಿಯರೊಬ್ಬರು ನಾಲ್ಕು ಪುಟದ ಕಾಗದ ತಂದು ನನ್ನ ಮುಂದಿಟ್ಟರು. ಮೂರು ಪುಟದ ತುಂಬ ತಾಯಿಯ ಕಾಯಿಲೆ, ಊರಿನ ಬರ, ಮಗಳ ಮದುವೆ. ನಾಲ್ಕನೆಯದರಲ್ಲಿ ಕ್ಷಮಾಪಣೆ. ಎಲ್ಲ ಓದಿ, "ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ? ಅದನ್ನು ಬರೆದೇ ಇಲ್ಲವಲ್ಲ" ಎಂದೆ. "ಕಷ್ಟ ಬರೀಲಿಕ್ಕೆ ಕೈ ಬರ್ತದರೀ ಸಾಹೇಬ್ರ, ಅಂಕಿ ಬರೀಲಿಕ್ಕೆ ಬರಂಗಿಲ್ಲ" ಎಂದರು. ಆ ಅಂಕಿಯನ್ನು ಬರೆಸುವಷ್ಟರಲ್ಲಿ ಮಧ್ಯಾಹ್ನದ ಊಟದ ಹೊತ್ತು ಮೀರಿತ್ತು.

ಇಂಥ ಕಾಗದಕ್ಕೂ ಒಂದು ಚರಿತ್ರೆಯಿದೆ. ಅದು ಹೆಚ್ಚಾಗಿ ನಡೆದದ್ದು ಅಮೆರಿಕದಲ್ಲಿ. ಅಲ್ಲಿ ಮನೆ ಕೊಂಡಿರುವ ಮಕ್ಕಳ ಬಾಯಲ್ಲಿ 'ಹಾರ್ಡ್‌ಶಿಪ್ ಲೆಟರ್' ಎಂಬ ಮಾತನ್ನು ನಮ್ಮ ಓದುಗರಲ್ಲಿ ಕೆಲವರಾದರೂ ಕೇಳಿರಬಹುದು. ಕಂತು ಕಟ್ಟಲಾಗದವನು, ತನಗೆ ಬಂದ ಕಷ್ಟವನ್ನು ವಿವರಿಸಿ, ಬಡ್ಡಿ ಇಳಿಸಿ ಎಂದೋ ಅವಧಿ ಹೆಚ್ಚಿಸಿ ಎಂದೋ ಸಾಲ ಕೊಟ್ಟವನಿಗೆ ಬರೆಯುವ ಬಿನ್ನಹ ಅದು.

೧೯೨೦ರ ದಶಕದಲ್ಲಿ ಅಲ್ಲಿನ ಮನೆ ಸಾಲ ಇಂದಿನಂತೆ ಇರಲಿಲ್ಲ. ಬ್ಯಾಂಕುಗಳು ಮೂರರಿಂದ ಐದು ವರ್ಷದ ಗಡುವಿಗೆ ಕೊಡುತ್ತಿದ್ದವು. ಅಷ್ಟು ಕಾಲ ಬಡ್ಡಿ ಕಟ್ಟಿಕೊಂಡಿದ್ದು ಕೊನೆಗೆ ಅಸಲನ್ನೆಲ್ಲ ಒಂದೇ ಗಂಟಾಗಿ ತೀರಿಸಬೇಕು. ಹಾಗೆ ತೀರಿಸುವವರು ಎಷ್ಟು ಮಂದಿ? ಗಡುವು ಬಂದಾಗ ಹಳೆಯ ಪತ್ರ ಹರಿದು ಹೊಸ ಪತ್ರ ಬರೆಸಿಕೊಳ್ಳುವುದೇ ವಾಡಿಕೆಯಾಗಿತ್ತು. ೧೯೨೯ರಲ್ಲಿ ಷೇರುಪೇಟೆ ಕುಸಿಯಿತು. ೧೯೩೦ರಿಂದ ೧೯೩೩ರೊಳಗೆ ಒಂಬತ್ತು ಸಾವಿರಕ್ಕೂ ಹೆಚ್ಚು ಬ್ಯಾಂಕುಗಳು ಮುಳುಗಿದವು. ಉಳಿದವು ಪತ್ರ ನವೀಕರಿಸಲು ಒಪ್ಪಲಿಲ್ಲ. ಒಂದು ಕಂತೂ ತಪ್ಪಿಸದೆ ಬಡ್ಡಿ ಕಟ್ಟಿದವನ ಮನೆಯೂ ಹೀಗೆ ಹರಾಜಿಗೆ ಬಂತು. ೧೯೩೩ರ ಮೊದಲ ತಿಂಗಳುಗಳಲ್ಲಿ ದಿನಕ್ಕೆ ಸುಮಾರು ಒಂದು ಸಾವಿರ ಮನೆಗಳು ಕೈಬಿಟ್ಟುಹೋಗುತ್ತಿದ್ದವು.

ಬಿನ್ನಹವನ್ನು ಕೇಳುವವರೇ ಇಲ್ಲದಾಗ ಏನಾಗುತ್ತದೆ ಎಂಬುದು ಅಯೋವಾ ರಾಜ್ಯದ ಲೆ ಮಾರ್ಸ್ ಎಂಬ ಊರಿನಲ್ಲಿ ಕಂಡಿತು. ೧೯೩೩ರ ಏಪ್ರಿಲ್ ೨೭ರಂದು ರೈತರ ಗುಂಪೊಂದು ನ್ಯಾಯಾಧೀಶ ಚಾರ್ಲ್ಸ್ ಬ್ರಾಡ್ಲಿಯವರನ್ನು ಪೀಠದಿಂದ ಎಳೆದೊಯ್ದು, ಇನ್ನು ಮುಂದೆ ಜಪ್ತಿ ಆಜ್ಞೆಗೆ ಸಹಿ ಹಾಕುವುದಿಲ್ಲವೆಂದು ಮಾತು ಕೊಡೆಂದು ಕುತ್ತಿಗೆಗೆ ಹಗ್ಗ ಹಾಕಿತು. ಆತ ಮಾತು ಕೊಡಲಿಲ್ಲ, ಪ್ರಾಣವೇನೋ ಉಳಿಯಿತು. ಅಲ್ಲಿಂದ ಉತ್ತರಕ್ಕಿರುವ ಮಿನೆಸೋಟಾ ರಾಜ್ಯ ಅದಕ್ಕೆ ಕೆಲವೇ ದಿನ ಮುಂಚೆ ಬೇರೊಂದು ದಾರಿ ಹಿಡಿದಿತ್ತು. ಏಪ್ರಿಲ್ ೧೮ರಂದು ಅದು ಮಾಡಿದ ಕಾನೂನಿನಂತೆ, ಮನೆ ಹರಾಜಾದವನು ನ್ಯಾಯಾಲಯಕ್ಕೆ ಅರ್ಜಿ ಕೊಟ್ಟು, ಮನೆಯನ್ನು ಬಿಡಿಸಿಕೊಳ್ಳುವ ಗಡುವನ್ನು ೧೯೩೫ರ ಮೇ ೧ರವರೆಗೆ ವಿಸ್ತರಿಸಿಕೊಳ್ಳಬಹುದಾಗಿತ್ತು. ಆದರೆ ಅಷ್ಟು ಕಾಲ ಪುಕ್ಕಟೆ ಇರುವಂತಿಲ್ಲ. ನ್ಯಾಯಾಲಯ ನಿಗದಿ ಮಾಡಿದಷ್ಟನ್ನು ತಿಂಗಳು ತಿಂಗಳೂ ಕಟ್ಟಬೇಕು.

ಮಿನಿಯಾಪೊಲಿಸ್ ನಗರದ ಜಾನ್ ಬ್ಲೇಸ್‌ಡೆಲ್ ದಂಪತಿಗಳು ಈ ಕಾನೂನಿನ ಬಾಗಿಲು ತಟ್ಟಿದರು. ಹದಿನಾಲ್ಕು ಕೋಣೆಗಳ ಮನೆ. ಮೂರರಲ್ಲಿ ತಾವಿದ್ದು ಉಳಿದವನ್ನು ಬಾಡಿಗೆಗೆ ಕೊಡುತ್ತಿದ್ದರು. ದಾದರಿನಲ್ಲಿಯೋ ಮಾಟುಂಗಾದಲ್ಲಿಯೋ ಪೇಯಿಂಗ್ ಗೆಸ್ಟ್ ಇಟ್ಟುಕೊಂಡು ಸಂಸಾರ ತೂಗಿಸಿದವರಿಗೆ ಈ ಏರ್ಪಾಡು ಹೊಸದೇನಲ್ಲ. ೧೯೩೨ರ ಮೇ ೨ರಂದು ಮನೆ ಹರಾಜಾಗಿ, ಸಾಲ ಕೊಟ್ಟ ಸಂಸ್ಥೆಯೇ ೩,೭೦೦ ಡಾಲರ್ ೯೮ ಸೆಂಟಿಗೆ ಕೂಗಿಕೊಂಡಿತ್ತು. ಬಿಡಿಸಿಕೊಳ್ಳಲು ಒಂದು ವರ್ಷ. ಆ ವರ್ಷ ಮುಗಿಯುತ್ತ ಬಂದಾಗ ಅರ್ಜಿ ಬಂತು. ನ್ಯಾಯಾಲಯ ಕಂಡುಕೊಂಡ ಸಂಗತಿಗಳನ್ನು ನೋಡಿದರೆ ಅದು ಎಂಥ ಬಿನ್ನಹವಾಗಿತ್ತೆಂದು ತಿಳಿಯುತ್ತದೆ: ಮನೆಯ ಬೆಲೆ ೬,೦೦೦ ಡಾಲರ್, ಎಂದರೆ ಸಾಲಕ್ಕಿಂತ ಹೆಚ್ಚು, ಆರ್ಥಿಕ ಮುಗ್ಗಟ್ಟಿನಿಂದಾಗಿ ಬೇರೆಲ್ಲೂ ಸಾಲ ಹುಟ್ಟುತ್ತಿಲ್ಲ, ಬಾಡಿಗೆಯ ನ್ಯಾಯವಾದ ಮೌಲ್ಯ ತಿಂಗಳಿಗೆ ೪೦ ಡಾಲರ್. ಕಣ್ಣೀರಿನ ಮಾತು ಒಂದೂ ಇಲ್ಲ. ತಿಂಗಳಿಗೆ ೪೦ ಡಾಲರ್ ಕಟ್ಟಿಕೊಂಡು ಇರಿ ಎಂದು ಆಜ್ಞೆಯಾಯಿತು.

ಸಾಲ ಕೊಟ್ಟವರು ಬಿಡಲಿಲ್ಲ. ವಾಷಿಂಗ್ಟನ್ನಿನ ಸುಪ್ರೀಂ ಕೋರ್ಟಿನವರೆಗೆ ಹೋದರು. ೧೯೩೪ರ ಜನವರಿ ೮ರಂದು ಐದು ಮಂದಿ ನ್ಯಾಯಮೂರ್ತಿಗಳು ಬ್ಲೇಸ್‌ಡೆಲ್ ಪರ, ನಾಲ್ವರು ವಿರುದ್ಧ. ಆಪತ್ಕಾಲವು ಸರ್ಕಾರಕ್ಕೆ ಹೊಸ ಅಧಿಕಾರ ಕೊಡದಿದ್ದರೂ ಇರುವ ಅಧಿಕಾರವನ್ನು ಬಳಸಲು ಸಂದರ್ಭ ಒದಗಿಸಬಲ್ಲದು ಎಂದರು ಮುಖ್ಯ ನ್ಯಾಯಮೂರ್ತಿ ಹ್ಯೂಸ್. ಭಿನ್ನಮತ ಬರೆದ ಸದರ್ಲೆಂಡ್ ಅವರ ವಾದವನ್ನೂ ಹಗುರವಾಗಿ ತಳ್ಳಿಹಾಕುವಂತಿಲ್ಲ. ಕರಾರನ್ನು ರಾಜ್ಯಗಳು ಮುರಿಯಬಾರದೆಂಬ ಸಂವಿಧಾನದ ನಿಯಮ ಹುಟ್ಟಿದ್ದೇ ಕಷ್ಟಕಾಲದಲ್ಲಿ ಸಾಲಗಾರರ ಒತ್ತಡವನ್ನು ತಡೆಯುವುದಕ್ಕೆ, ಈಗ ಅದೇ ಕಷ್ಟವನ್ನು ನೆಪ ಮಾಡಿ ಬಿಡುವುದೇ ಎಂದು ಆತ ಕೇಳಿದರು. ಬ್ಯಾಂಕಿನ ಹಣವೂ ಯಾರೋ ಪಿಂಚಣಿದಾರನ ಠೇವಣಿಯೇ ಎಂಬುದು ಮೇಜಿನ ಆಚೆ ಕುಳಿತವರಿಗೆ ಕಾಣುವುದು ಕಡಿಮೆ.

ಇದೇ ಹೊತ್ತಿಗೆ ದೇಶದಾದ್ಯಂತ ಕಾಗದಗಳ ಮಹಾಪೂರವೇ ಹರಿಯಿತು. ೧೯೩೩ರ ಮಾರ್ಚಿಯಲ್ಲಿ ರೂಸ್‌ವೆಲ್ಟ್ ಅಧಿಕಾರಕ್ಕೆ ಬಂದ ಮೊದಲ ವಾರದಲ್ಲೇ ನಾಲ್ಕೂವರೆ ಲಕ್ಷದಷ್ಟು ಪತ್ರಗಳು ಶ್ವೇತಭವನಕ್ಕೆ ಬಂದವು. ಅಲ್ಲಿಯ ಟಪಾಲು ನೋಡಿಕೊಳ್ಳುತ್ತಿದ್ದ ಐರಾ ಸ್ಮಿತ್ ಅದುವರೆಗೆ ಹೆಚ್ಚುಕಡಿಮೆ ಒಬ್ಬರೇ ನಿಭಾಯಿಸುತ್ತಿದ್ದ ಕೆಲಸಕ್ಕೆ ಈಗ ಆಳುಗಳ ಪಡೆಯೇ ಬೇಕಾಯಿತು. ಅಧ್ಯಕ್ಷರ ಪತ್ನಿ ಎಲಿನಾರ್ ಅವರಿಗೂ ಆ ವರ್ಷ ಮೂರು ಲಕ್ಷದಷ್ಟು ಕಾಗದ ಬಂದವಂತೆ. ಇತಿಹಾಸಕಾರ ರಾಬರ್ಟ್ ಮ್ಯಾಕೆಲ್ವೇನ್ ಆ ಕಾಲದ ಬಡವರ ಪತ್ರಗಳನ್ನು ಆಯ್ದು ೧೯೮೩ರಲ್ಲಿ ಪುಸ್ತಕ ಮಾಡಿದರು. ಹಿಂದೆಂದೂ ಯಾರ ಮುಂದೆಯೂ ಕೈಚಾಚಿದವನಲ್ಲ ಎನ್ನುವ ಸಂಕೋಚ, ಹೆಸರು ಹೊರಗೆ ಬಿಡಬೇಡಿ ಎನ್ನುವ ಪ್ರಾರ್ಥನೆ ಇಂಥ ಕಾಗದಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ನನ್ನ ಮುಂದೆ ನಾಲ್ಕು ಪುಟ ಇಟ್ಟ ಹಿರಿಯರ ಬಳಗವೇ ಅದು.

ಪತ್ರಗಳನ್ನು ಓದಿದ್ದರಿಂದ ಮಾತ್ರ ಮನೆ ಉಳಿಯಲಿಲ್ಲ. ಓದಿದ ಮೇಲೆ ಏನಾದರೂ ಮಾಡಬಲ್ಲ ಸಂಸ್ಥೆಯೊಂದನ್ನು ಕಟ್ಟಿದ್ದರಿಂದ ಉಳಿಯಿತು. ಅದು ೧೯೩೩ರ ಜೂನ್ ೧೩ರ ಕಾನೂನಿನಿಂದ ಹುಟ್ಟಿದ ಹೋಮ್ ಓನರ್ಸ್ ಲೋನ್ ಕಾರ್ಪೊರೇಷನ್. ಇದರ ಉಪಾಯ ಸರಳ. ಕೆಟ್ಟ ಸಾಲದ ಪತ್ರವನ್ನು ಸಂಸ್ಥೆ ಬ್ಯಾಂಕಿನಿಂದ ತಾನು ಪಡೆದುಕೊಂಡು, ಬದಲಿಗೆ ಸರ್ಕಾರಿ ಬಾಂಡು ಕೊಡುವುದು. ಸಾಲಗಾರನಿಗೆ ಶೇಕಡಾ ೫ ಬಡ್ಡಿಯಲ್ಲಿ ಹದಿನೈದು ವರ್ಷದ ಹೊಸ ಸಾಲ. ಬಡ್ಡಿಯೂ ಅಸಲೂ ಸೇರಿದ ಸಮನಾದ ಮಾಸಿಕ ಕಂತು. ೩,೦೦೦ ಡಾಲರ್ ಸಾಲಕ್ಕೆ ತಿಂಗಳಿಗೆ ಸುಮಾರು ೨೪ ಡಾಲರ್ ಆಗುತ್ತಿತ್ತು. ಕಟ್ಟಡ ಸಂಘಗಳಲ್ಲಿ ಹಿಂದೆಯೇ ಬಳಕೆಯಲ್ಲಿದ್ದ ಈ ಕ್ರಮ ದೇಶಕ್ಕೆಲ್ಲ ರೂಢಿಯಾದದ್ದು ಆ ಮೇಲೆ. ಇಂದು ನಾವು ಇ.ಎಂ.ಐ. ಎಂದು ಕರೆಯುವುದೂ ಇದೇ ಜಾತಿಯದು.

ಅರ್ಜಿ ಹಾಕಿದವರು ಸುಮಾರು ೧೯ ಲಕ್ಷ, ಸಾಲ ದೊರೆತವರು ೧೦ ಲಕ್ಷ, ಹಂಚಿದ ಹಣ ೩೧೦ ಕೋಟಿ ಡಾಲರ್. ೧೯೩೬ರ ಜೂನಿಗೆ ಸಾಲ ಕೊಡುವುದು ನಿಂತಿತು. ಆಮೇಲಿನ ಕತೆ ನನಗೆ ಹೆಚ್ಚು ಹಿಡಿಸುತ್ತದೆ. ಕಂತು ತಪ್ಪಿದವನ ಮನೆಗೆ ಸಂಸ್ಥೆಯ ನೌಕರ ತಾನೇ ಹೋಗುತ್ತಿದ್ದ. ಕೆಲಸ ಹುಡುಕಲು, ಸರ್ಕಾರದ ನೆರವು ಪಡೆಯಲು, ಒಂದು ಕೋಣೆಗೆ ಬಾಡಿಗೆದಾರನನ್ನು ಹಿಡಿಯಲು ಸಹಾಯ ಮಾಡುತ್ತಿದ್ದ. ಇಷ್ಟಾಗಿಯೂ ಐದರಲ್ಲಿ ಒಂದರಷ್ಟು, ಎಂದರೆ ಸುಮಾರು ಎರಡು ಲಕ್ಷ ಮನೆಗಳನ್ನು ಸಂಸ್ಥೆ ವಶಪಡಿಸಿಕೊಳ್ಳಬೇಕಾಯಿತು. ೧೯೫೧ರಲ್ಲಿ ಲೆಕ್ಕ ಮುಚ್ಚಿದಾಗ ಅಲ್ಪ ಲಾಭವೇ ಉಳಿದಿತ್ತು. ಈ ಸಂಸ್ಥೆಯ ಹೆಸರಿಗೆ ಒಂದು ಮಸಿಯೂ ಅಂಟಿದೆ. ೧೯೩೫ರಿಂದ ಅದು ಇನ್ನೂರಕ್ಕೂ ಹೆಚ್ಚು ನಗರಗಳ ನಕ್ಷೆ ಬರೆಸಿ ಬಡಾವಣೆಗಳಿಗೆ ದರ್ಜೆ ಕೊಟ್ಟಿತು. ಕಪ್ಪು ಜನರಿದ್ದ ಬಡಾವಣೆಗಳಿಗೆ ಬಹುಮಟ್ಟಿಗೆ ಕೆಂಪು ಬಣ್ಣ. ಆ ನಕ್ಷೆಗಳಿಂದಲೇ ಎಷ್ಟು ಹಾನಿಯಾಯಿತೆಂಬ ಬಗ್ಗೆ ವಿದ್ವಾಂಸರಲ್ಲಿ ವಾದವಿದೆ. ಅಲ್ಲಿನವರಿಗೆ ಸಾಲ ಸಿಗುವುದು ದಶಕಗಳ ಕಾಲ ದುರ್ಲಭವಾಗಿತ್ತೆಂಬುದರಲ್ಲಿ ವಾದವಿಲ್ಲ. ಕಾಗದದ ಒಳಗಿನ ಮಾತಿಗಿಂತ ಮೇಲಿನ ವಿಳಾಸವೇ ಹೆಚ್ಚು ತೂಗಿತು.

ಮುಂದೆ ಮುಕ್ಕಾಲು ಶತಮಾನ ಕಳೆದು ೨೦೦೮ರ ಮುಗ್ಗಟ್ಟು. ಈ ಸಲದ ತೊಡಕು ಬೇರೆ. ಸಾಲ ಕೊಟ್ಟ ಬ್ಯಾಂಕು ಪತ್ರವನ್ನು ಮಾರಿಬಿಟ್ಟಿತ್ತು. ಸಾವಿರಾರು ಪತ್ರಗಳು ಕಟ್ಟಾಗಿ, ಆ ಕಟ್ಟುಗಳ ಪಾಲು ಹಲವು ದೇಶಗಳ ಹೂಡಿಕೆದಾರರ ಕೈಸೇರಿತ್ತು. ಕಂತು ವಸೂಲಿ ಮಾಡುವುದು ಮತ್ತೊಂದು ಕಂಪನಿ. ಹೀಗಿರುವಾಗ ಬಿನ್ನಹ ಬರೆಯುವುದಾದರೂ ಯಾರಿಗೆ? ೨೦೦೯ರ ಫೆಬ್ರವರಿಯಲ್ಲಿ ಅಧ್ಯಕ್ಷ ಒಬಾಮಾ ಮೂವತ್ತು ನಲವತ್ತು ಲಕ್ಷ ಮನೆಗಳನ್ನು ಉಳಿಸುವ ಗುರಿಯ ಯೋಜನೆಯನ್ನು ಸಾರಿದರು. ಕಂತು ತಿಂಗಳ ಒಟ್ಟು ಆದಾಯದ ಶೇಕಡಾ ೩೧ನ್ನು ಮೀರದಂತೆ ಮಾಡುವುದು ಅದರ ತಿರುಳು. ಮೊದಲು ಬಡ್ಡಿಯನ್ನು ಶೇಕಡಾ ೨ರವರೆಗೆ ಇಳಿಸುವುದು. ಸಾಲದಿದ್ದರೆ ಅವಧಿಯನ್ನು ೪೦ ವರ್ಷಕ್ಕೆ ಏರಿಸುವುದು. ಅದೂ ಸಾಲದಿದ್ದರೆ ಅಸಲಿನ ಒಂದು ಪಾಲನ್ನು ಬಡ್ಡಿಯಿಲ್ಲದೆ ಕೊನೆಗೆ ತಳ್ಳುವುದು. ೫,೦೦೦ ಡಾಲರ್ ಆದಾಯದವನ ಕಂತು ೧,೫೫೦ಕ್ಕೆ ಇಳಿಯಬೇಕು. ಮೂರು ತಿಂಗಳು ಪರೀಕ್ಷೆ, ಆಮೇಲೆ ಕಾಯಂ.

ಇದಕ್ಕಾಗಿ ಹಳೆಯ ಕಾಗದ ಒಂದು ಪ್ರಮಾಣಪತ್ರವಾಯಿತು. ಆದಾಯ ಇಳಿದಿದೆ, ಖರ್ಚು ಏರಿದೆ, ಸಾವು, ಕಾಯಿಲೆ, ವಿಚ್ಛೇದನ ಎಂದು ಅಚ್ಚಾದ ಕಾರಣಗಳಿಗೆ ಗುರುತು ಹಾಕಿ, ಕೆಳಗೆ ಬಿಟ್ಟ ಜಾಗದಲ್ಲಿ ವಿವರಣೆ ಬರೆದು, ಸುಳ್ಳು ಹೇಳಿದರೆ ಶಿಕ್ಷೆಯೆಂದು ಒಪ್ಪಿ ಸಹಿ ಮಾಡಬೇಕು. ಜೊತೆಗೆ ಸಂಬಳದ ಚೀಟಿ, ತೆರಿಗೆಯ ದಾಖಲೆ. ಕಳಿಸಿದ ಕಾಗದ ಕಳೆದುಹೋಯಿತೆಂಬ ಉತ್ತರ, ಮತ್ತೆ ಕಳಿಸುವಷ್ಟರಲ್ಲಿ ಹಳೆಯ ಚೀಟಿಯ ಅವಧಿ ಮುಗಿಯಿತೆಂಬ ಉತ್ತರ, ಇತ್ತ ಒಂದು ವಿಭಾಗ ಅರ್ಜಿ ಪರಿಶೀಲಿಸುತ್ತಿರುವಾಗಲೇ ಅತ್ತ ಇನ್ನೊಂದು ವಿಭಾಗದಿಂದ ಹರಾಜಿನ ನೋಟೀಸು. ನಮ್ಮ ತಾಲ್ಲೂಕು ಕಚೇರಿಯ ಮುಂದಿನ ಅರ್ಜಿ ಬರೆಯುವವರಂತೆ ಅಲ್ಲಿಯೂ ಒಂದು ವರ್ಗ ಹುಟ್ಟಿಕೊಂಡಿತು. ಆದರೆ ಇವರು ಮುಂಗಡವಾಗಿ ಸಾವಿರಾರು ಡಾಲರ್ ಕೇಳುತ್ತಿದ್ದರು. ಕೆಲಸ ಆಗುವ ಮುಂಚೆ ಹಣ ಪಡೆಯಬಾರದೆಂದು ಸರ್ಕಾರ ೨೦೧೦ರಲ್ಲಿ ನಿಯಮ ಮಾಡಬೇಕಾಯಿತು. ೨೦೧೬ರ ಡಿಸೆಂಬರ್ ಕೊನೆಗೆ ಹೊಸ ಅರ್ಜಿ ನಿಂತಾಗ ಕಾಯಂ ಆದ ಮಾರ್ಪಾಡುಗಳು ಹದಿನಾರು ಹದಿನೇಳು ಲಕ್ಷ. ಗುರಿಯ ಅರ್ಧವೋ ಅದಕ್ಕೂ ಕಡಿಮೆಯೋ.

೨೦೨೦ರಲ್ಲಿ ಕೊರೋನಾ ಬಂದಾಗ ಬಿನ್ನಹವೇ ಕರಗಿಹೋಯಿತು. ಮಾರ್ಚ್ ೨೭ರ ಅಮೆರಿಕದ ಕಾನೂನಿನಂತೆ, ಕೇಂದ್ರ ಸರ್ಕಾರದ ಆಸರೆಯಿದ್ದ ಮನೆ ಸಾಲಗಳಿಗೆ, ಈ ಪಿಡುಗಿನಿಂದ ಕಷ್ಟವಾಗಿದೆಯೆಂದು ಒಂದು ಮಾತು ಹೇಳಿದರೆ ಸಾಕು; ದಾಖಲೆಯಿಲ್ಲದೆ ೧೮೦ ದಿನ, ಬೇಕಾದರೆ ಮತ್ತೆ ೧೮೦ ದಿನ ಬಿಡುವು. ಅದೇ ದಿನ ನಮ್ಮ ರಿಸರ್ವ್ ಬ್ಯಾಂಕೂ ಮೂರು ತಿಂಗಳ ವಿರಾಮಕ್ಕೆ ಅನುಮತಿ ಕೊಟ್ಟು, ಮುಂದೆ ಅದನ್ನು ಆಗಸ್ಟ್ ೩೧ರವರೆಗೆ ವಿಸ್ತರಿಸಿತು.

ನಮ್ಮ ಕಟ್ಟಡದ ಮೂರನೆಯ ಮಹಡಿಯ ಹುಡುಗನಿಗೆ ಆಗ ಅರ್ಧ ಸಂಬಳ. "ಅಂಕಲ್, ಮೊಬೈಲಿನಲ್ಲಿ ಮೆಸೇಜು ಬಂದಿದೆ, ಹೌದು ಎಂದರೆ ಮುಗಿಯಿತು. ಕಾರಣವನ್ನೂ ಕೇಳಿಲ್ಲ" ಎಂದ. ಬಡ್ಡಿ ನಿಲ್ಲುವುದಿಲ್ಲವಪ್ಪಾ ಎಂದೆ. ಹದಿನೈದು ವರ್ಷ ಬಾಕಿಯಿರುವ ೩೦ ಲಕ್ಷದ ಸಾಲಕ್ಕೆ ಮೂರು ತಿಂಗಳು ಬಿಟ್ಟರೆ ಸುಮಾರು ೨.೩೪ ಲಕ್ಷ ಹೆಚ್ಚು ಬಡ್ಡಿ, ಎಂದರೆ ಎಂಟು ಕಂತು, ಎಂದು ಸ್ಟೇಟ್ ಬ್ಯಾಂಕ್ ತಾನೇ ಲೆಕ್ಕ ಪ್ರಕಟಿಸಿತ್ತು. ಅದನ್ನು ತೋರಿಸಿದೆ. ಅವನು ಒಳಗೆ ಹೋಗಿ ಒಂದು ಹಾಳೆ, ಪೆನ್ನು ತಂದ. ಮೊದಲು ಆದಾಯ, ಆಮೇಲೆ ಖರ್ಚು, ಕೊನೆಗೆ ಎಷ್ಟು ಕಟ್ಟಬಲ್ಲೆ ಎಂಬ ಅಂಕಿ. ಮೂರನೆಯದಕ್ಕೆ ಬಂದಾಗ ಅವನ ಕೈಯೂ ಸ್ವಲ್ಪ ಹೊತ್ತು ನಿಂತಿತು.