ನಿಮಗೆ ತಿಳಿದಿರಲಿ: ಪೋಪರ ಸ್ವಿಸ್ ಕಾವಲು ದಳ

ವ್ಯಾಟಿಕನ್‌ನ ಸ್ವಿಸ್ ಕಾವಲುಗಾರರ ನೀಲಿ, ಕೆಂಪು, ಹಳದಿ ಪಟ್ಟೆಗಳ ಉಡುಪನ್ನು ವಿನ್ಯಾಸಗೊಳಿಸಿದವರು ಯಾರು? ರಸಪ್ರಶ್ನೆಗಳಲ್ಲಿ ಹಲವರು ಕೊಡುವ ಉತ್ತರ, ಖ್ಯಾತ ಕಲಾವಿದ ಮೈಕೆಲೆಂಜೆಲೊ. ಇದು ತಪ್ಪು. ಇಂದಿನ ಉಡುಪನ್ನು 1914ರ ಸುಮಾರಿಗೆ ರೂಪಿಸಿದವರು ದಳದ ಕಮಾಂಡರ್ ಜೂಲ್ ರೆಪೋಂಡ್.

ಈ ದಳವನ್ನು 1506ರಲ್ಲಿ ಸ್ಥಾಪಿಸಿದವರು ಜಗದ್ಗುರು ಎರಡನೇ ಜೂಲಿಯಸ್. 1527ರ ಮೇ 6ರಂದು ರೋಮ್ ನಗರ ಲೂಟಿಗೊಳಗಾದಾಗ 189 ಕಾವಲುಗಾರರ ಪೈಕಿ 147 ಮಂದಿ ಪ್ರಾಣ ತೆತ್ತರು. ಉಳಿದ 42 ಮಂದಿ ಜಗದ್ಗುರು ಏಳನೇ ಕ್ಲೆಮೆಂಟ್ ಅವರನ್ನು ಸಾಂತ್ ಆಂಜೆಲೊ ಕೋಟೆಗೆ ಸುರಕ್ಷಿತವಾಗಿ ತಲುಪಿಸಿದರು. ಹೊಸಬರು ಮೇ 6ರಂದು ಪ್ರಮಾಣವಚನ ಸ್ವೀಕರಿಸುವ ವಾಡಿಕೆ ಬೆಳೆದದ್ದು ಈ ಬಲಿದಾನದ ಸ್ಮರಣಾರ್ಥ. ದಳಕ್ಕೆ ಸೇರುವವರು ಅವಿವಾಹಿತ ಸ್ವಿಸ್ ಕಥೋಲಿಕ ಯುವಕರೇ ಆಗಿರಬೇಕು.

ಆ ಬಣ್ಣದ ಉಡುಪನ್ನು ಕಂಡಾಗ ನಾವು ಆ 147 ಮಂದಿಯನ್ನೂ ನೆನೆಯೋಣ.